ಬೆರಳಗಲ ಮೋಟಾದ ನಳಿಗೆ

ಜಯನಗರ

ಕಾರ್ಖಾನೆಯಲ್ಲಿ ತಯಾರಾದ ಯಾವ ವಸ್ತುವೂ ವಸ್ತುವಲ್ಲ ಎಂಬುದು ನನ್ನ ಸೋದರಮಾವ ಶೇಷಗಿರಿರಾಯರ ಸಿದ್ಧಾಂತ. ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಮೇಲೆ ಅವರಿಗೆ ಈ ಜ್ಞಾನೋದಯವಾಯಿತು. ಅವರ ಕೋಟು ಬಸವನಗುಡಿಯ ದರ್ಜಿ ಅಳತೆ ತೆಗೆದು ಹೊಲಿದದ್ದು. ಬೂಟು, ಪಾದದ ಕೆಳಗೆ ಕಾಗದವಿಟ್ಟು ಗೀಟೆಳೆದು ಮಾಡಿಸಿದ್ದು. ಕಾಫಿಪುಡಿ ಕಣ್ಣೆದುರಿಗೇ ಹುರಿಸಿ ಬೀಸಿಸಿದ್ದು. ಕೋಟು ಭುಜದಲ್ಲಿ ಬಿಗಿ, ಬೂಟು ಕಚ್ಚುತ್ತದೆ. ಆದರೂ ಅವು ಅವರಿಗಾಗಿಯೇ ಮಾಡಿದವು.

ನಾಲ್ಕನೆಯ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದಾಗ ಮಾವ ಅಲ್ಲಿ ಒಂದು ರೈಫಲ್ ಕ್ಲಬ್ಬು ಕಟ್ಟಿದರು. ಗುರಿ ಹೊಡೆಯುವ ಜಾಗ ಬನಶಂಕರಿ ಗುಡ್ಡದಾಚೆ, ಕಲ್ಲು ತೆಗೆದು ಬಿಟ್ಟ ಒಂದು ಕ್ವಾರಿ. ಸದಸ್ಯರು ಹತ್ತು ಜನ: ಪೆನ್ಷನ್ ಪಡೆಯುವ ಒಂಬತ್ತು ಗಂಡಸರು ಮತ್ತು ನಾನು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಓದುವ ಕಾಲದಲ್ಲಿ ಎನ್.ಸಿ.ಸಿ.ಯಲ್ಲಿ ರೈಫಲ್ ಹಿಡಿದಿದ್ದೆ. ಇದಕ್ಕಿಂತ ಹೆಚ್ಚಿನ ಪರಿಚಯ ಈ ಬರಹಕ್ಕೆ ಬೇಕಿಲ್ಲ.

ಕ್ಲಬ್ಬಿಗೆ ಇದ್ದದ್ದು ಒಂದೇ ರೈಫಲ್, ಜರ್ಮನಿಯ ದೊಡ್ಡ ಕಾರ್ಖಾನೆಯೊಂದರದು. ಹುಲಿ ಚಿರತೆಗಳನ್ನು ನೆನೆಸಿಕೊಳ್ಳಬೇಡಿ. ಇದು ಪಾಯಿಂಟ್ ಟೂ-ಟೂ. ನಳಿಗೆಯ ತೂತು ಪೆನ್ಸಿಲಿಗಿಂತ ಸಣ್ಣದು, ಗುಂಡು ಮೆತ್ತನೆಯ ಸೀಸದ್ದು. ಐವತ್ತು ಮೀಟರು ದೂರದ ಕಾಗದಕ್ಕೆ ತೂತು ಮಾಡುವುದು ಅದರ ಕೆಲಸ. ಹತ್ತು ತೂತುಗಳು ಎಷ್ಟು ಒತ್ತಾಗಿ ಬಿದ್ದವು ಎಂಬುದರಲ್ಲಿ ಹೊಡೆದವರ ಮರ್ಯಾದೆ ಇರುತ್ತದೆ.

ಮೊದಮೊದಲು ನನ್ನ ಹತ್ತೂ ಒತ್ತಾಗಿಯೇ ಬೀಳುತ್ತಿದ್ದವು. ಆಮೇಲಿನ ಎರಡು ವರ್ಷಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಏಳೆಂಟು ಗುಂಡು ಒಂದೆಡೆ, ಉಳಿದ ಎರಡು ಮೂರು ತಮಗೆ ತೋಚಿದ ಕಡೆ. ಕ್ಲಬ್ಬಿನ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಮಾವ ಬರೆದರು: ‘ಕೈ ನಡುಕ. ಸ್ತ್ರೀಸಹಜ.’ ಅದೇ ರೈಫಲಿನಲ್ಲಿ ಗಂಡಸರ ಗುಂಡುಗಳು ಚದುರಿದಾಗ ಬರೆದದ್ದು: ‘ಗಾಳಿ.’ ನಮ್ಮ ಕ್ವಾರಿ ಮೂರು ಕಡೆ ಬಂಡೆ ಇರುವ ಹಳ್ಳ. ಅಲ್ಲಿ ಗಾಳಿ ಗಂಡಸರಿಗೆ ಮಾತ್ರ ಬೀಸುವುದು ಹೇಗೆಂದು ಭೌತಶಾಸ್ತ್ರ ಇನ್ನೂ ವಿವರಿಸಿಲ್ಲ. ಆ ಒಂದು ಸಾಲಿನಿಂದಾಗಿ, ದಸರೆಯ ನಂತರದ ಪಂದ್ಯಕ್ಕೆ ಹೋಗುವ ನಾಲ್ವರ ತಂಡದಿಂದ ನಾನು ಹೊರಬಿದ್ದೆ.

ಕೊನೆಗೆ ಮಾವನ ಗುಂಡುಗಳೇ ಚದುರತೊಡಗಿದಾಗ ಅವರಿಗೆ ಹೊಳೆಯಿತು, ನಳಿಗೆ ಸರಿಯಿಲ್ಲವೆಂದು.

“ಕಾರ್ಖಾನೆ ಮಾಲು ಕಣೇ ಇದು. ಒಟ್ಟಿಗೆ ಸಾವಿರ ಮಾಡಿದ್ರಲ್ಲಿ ಒಂದು. ಕೈಯಲ್ಲಿ ಕೊರೆದ ನಳಿಗೆ ಬೇಕು ನಮಗೆ.”

“ಹಾಗಾದ್ರೆ ನಂದೂ ನಳಿಗೆ ತಪ್ಪೇ ಅಲ್ವಾ ಮಾವ?”

“ಅದು ಬೇರೆ ವಿಷಯ.”

ಸಾಲು ಹಾಗೇ ಉಳಿಯಿತು. ನಾನು ವಾದ ಮಾಡುವವಳಲ್ಲ. ಚದುರಿದ ಗುರಿಕಾಗದಗಳಲ್ಲಿ ಆರನ್ನು ತೆಗೆದು ನನ್ನ ಜರ್ಮನ್ ನಿಘಂಟಿನ ಹಾಳೆಗಳ ನಡುವೆ ಇಟ್ಟುಕೊಂಡೆ. ತಪ್ಪು ಕೈಯದೋ ನಳಿಗೆಯದೋ ಎಂದು ಒಮ್ಮೆ ಖಚಿತವಾಗಿ ತಿಳಿಯಬೇಕಿತ್ತು. ಎರಡು ವರ್ಷ ಕಣ್ಣಿಗೆ ಬೀಳುತ್ತಿದ್ದ ಸಾಲು ಮೈಗೆ ಹತ್ತಿತ್ತು. ಕಾಫಿ ಲೋಟ ಎತ್ತುವಾಗ ಕೈಯನ್ನೇ ನೋಡಿಕೊಳ್ಳುವ ಅಭ್ಯಾಸವಾಗಿತ್ತು.

ಜರ್ಮನ್ ಭಾಷೆಯನ್ನು ನಾನು ಸಂಜೆಯ ತರಗತಿಯಲ್ಲಿ ಕಲಿತಿದ್ದೆ. ಆಸ್ಟ್ರಿಯಾದ ಬೆಟ್ಟಗಳ ನಡುವಿನ ಒಂದು ಹಳ್ಳಿಯಲ್ಲಿ ನಳಿಗೆ ಮಾಡುವ ಒಬ್ಬ ಕಸುಬುದಾರ ಇದ್ದಾನೆಂದು ಮಾವನಿಗೆ ಎಲ್ಲಿಂದಲೋ ತಿಳಿದು, ನನ್ನಿಂದ ಕಾಗದ ಬರೆಸಿದರು. ಆತನ ಬಿರುದು ಮೈಸ್ಟರ್. ಮಾವನ ಬಾಯಲ್ಲಿ ಅದು ಮೊದಲ ದಿನವೇ ಮೇಸ್ತ್ರಿ ಆಯಿತು; ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಮೂರು ವರ್ಷ ಕಾಗದ ನಡೆದ ಮೇಲೆ ಮೇಸ್ತ್ರಿ ಬರೆದರು: ಹಳೆಯ ರೈಫಲನ್ನೂ ತನ್ನಿ, ನಮ್ಮ ಮನೆಯಲ್ಲೇ ಇರಿ. ಮಾವನಿಗೆ ಭಾಷೆ ಬಾರದು. ಹೀಗಾಗಿ, ತಂಡಕ್ಕೆ ಬೇಡವಾದವಳು ವಿದೇಶಕ್ಕೆ ಬೇಕಾದೆ.

ಹಡಗಿನಲ್ಲಿ

ಬೊಂಬಾಯಿಯಲ್ಲಿ ಹಡಗು ಹತ್ತುವಾಗ ರೈಫಲ್ ಪೆಟ್ಟಿಗೆಯನ್ನು ಹಡಗಿನ ಇಟಾಲಿಯನ್ ಅಧಿಕಾರಿಯೊಬ್ಬ ವಶಕ್ಕೆ ತೆಗೆದುಕೊಂಡು ಕಬ್ಬಿಣದ ಬೀರುವಿನಲ್ಲಿಟ್ಟ. ಮಾವನಿಗೆ ಸಮುದ್ರದ ಚಿಂತೆ ಇರಲಿಲ್ಲ, ವಾಂತಿಯ ಚಿಂತೆ ಇರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ನಳಿಗೆ ತೊಳೆಯುವುದು ತಪ್ಪುತ್ತದಲ್ಲ ಎಂಬುದೇ ಚಿಂತೆ.

ಈ ತೊಳೆಯುವಿಕೆಯನ್ನು ನಮ್ಮ ಮನೆಗಳಲ್ಲಿ ದೇವರ ಪಾತ್ರೆ ಬೆಳಗುವುದಕ್ಕೆ ಮಾತ್ರ ಹೋಲಿಸಬಹುದು. ಹಣೆಗೆ ಗಂಧ, ಹೆಗಲ ಮೇಲೆ ಟವೆಲು. ಮೂರು ತುಂಡು ಜೋಡಿಸುವ ಉಕ್ಕಿನ ಸಲಾಕಿ, ಅದರ ತುದಿಗೆ ಬ್ರಷ್ಷು. ಗುಂಡು ಹೊರಬರುವ ಬಾಯಿಯಿಂದ ಸಲಾಕಿಯನ್ನು ತೂರಿಸಿ ನೂರೆಂಟು ಸಲ ಒಳಕ್ಕೆ, ಹೊರಕ್ಕೆ. ಎಣಿಕೆಯನ್ನು ಮಾವ ತುಟಿ ಅಲುಗಿಸದೆ ಮಾಡುತ್ತಿದ್ದರು. ಇಂಗ್ಲಿಷರ ಕಾಲದಲ್ಲಿ, ಹುಡುಗನಾಗಿದ್ದಾಗ, ಅವರು ಯಾವುದೋ ಸ್ವಯಂಸೇವಕ ದಳದಲ್ಲಿದ್ದರಂತೆ. ಅಲ್ಲಿ ತೊಳೆಯದವನಿಗೆ ಊಟವಿರಲಿಲ್ಲವಂತೆ.

ಅಧಿಕಾರಿ ಮೊದಲು ಒಪ್ಪಲಿಲ್ಲ. ಮಾವ ದಿನವೂ ಹೋಗಿ ಅವನ ಬಾಗಿಲಲ್ಲಿ ನಿಲ್ಲತೊಡಗಿದ ಮೇಲೆ ಒಪ್ಪಿದ. ಶುಕ್ರವಾರ ಬೆಳಗ್ಗೆ ತಾನೂ ಕುರ್ಚಿ ಹಾಕಿಕೊಂಡು ನೋಡಿದ.

“ನನಗೆ ಮೂವರು ಮಕ್ಕಳು,” ಎಂದ ಇಂಗ್ಲಿಷಿನಲ್ಲಿ. “ಯಾರಿಗೂ ಇಷ್ಟು ಸ್ನಾನ ಮಾಡಿಸಿಲ್ಲ.”

“ಅದಕ್ಕೇ ಇವರ ದೇಶದಲ್ಲಿ ಎಲ್ಲ ತುಕ್ಕು ಹಿಡಿಯೋದು,” ಎಂದರು ಮಾವ ಕನ್ನಡದಲ್ಲಿ.

ಹಿಂದಿನಿಂದ, ಬೋಲ್ಟು ಬಿಚ್ಚಿ ತೊಳೆಯಬಹುದಲ್ಲ ಎಂದು ನಾನು ಒಮ್ಮೆ ಕೇಳಿದ್ದುಂಟು. ಮಾವ ಎಣಿಕೆ ನಿಲ್ಲಿಸಿ ನನ್ನನ್ನು ನೋಡಿದರು.

“ಹಲ್ಲುಜ್ಜೋದು ಬಾಯಿಂದ ಕಣೇ. ಬೆನ್ನಿಂದ ಉಜ್ಜಿದೋರನ್ನ ಎಲ್ಲಾದ್ರೂ ನೋಡಿದ್ದೀಯಾ?”

ಅಷ್ಟಕ್ಕೆ ಎಣಿಕೆ ತಪ್ಪಿಹೋಗಿ ಮತ್ತೆ ಒಂದರಿಂದ ಶುರುಮಾಡಿದರು.

ಜಿನೋವಾ

ನಮ್ಮವರು ವಿದೇಶದ ನೆಲದ ಮೇಲೆ ಮೊದಲ ಹೆಜ್ಜೆ ಇಟ್ಟಾಗಿನ ರೋಮಾಂಚನವನ್ನು ಬರೆಯುತ್ತಾರೆ. ನನ್ನ ಮೊದಲ ಹೆಜ್ಜೆಯ ಎದುರಿಗೆ ಒಂದು ಉದ್ದ ಮೇಜಿತ್ತು. ಅದರ ಮೇಲೆ ರೈಫಲ್ ಪೆಟ್ಟಿಗೆ, ಅದರ ಹಿಂದೆ ಸುಂಕದವನು. ಅವನು ಮುಚ್ಚಳ ತೆಗೆದ. ಒಳಗೆ ಮಾವನ ಹಳೆಯ ಮಡಿಪಂಚೆ. ಪಂಚೆ ಬಿಚ್ಚಿದ. ರೈಫಲಿನ ಮರದ ಹಿಡಿಯ ಮೇಲೆ, ನಳಿಗೆಯ ಬುಡದಲ್ಲಿ, ಕಡು ಕೆಂಪು ಕಲೆಗಳು. ಸಂದಿನಲ್ಲಿ ಒಣಗಿ ಕಪ್ಪಾದ ಏನೋ ಒಂದು.

ಅವನು ಪಂಚೆಯನ್ನು ನಿಧಾನವಾಗಿ ಮುಚ್ಚಿ ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು ಕರೆದ.

“ಕುಂಕುಮ ಅಂತ ಹೇಳೇ ಅವರಿಗೆ. ಆಯುಧ ಪೂಜೇದು,” ಎಂದರು ಮಾವ.

ಗಣಿತಶಾಸ್ತ್ರದ ಕಠಿಣ ಪ್ರಮೇಯಗಳನ್ನು ನಾನು ಬೇರೆ ಭಾಷೆಗಳಲ್ಲಿ ಓದಿದ್ದೇನೆ. ಆದರೆ ಬಂದೂಕಿಗೆ ವರ್ಷಕ್ಕೊಮ್ಮೆ ಕುಂಕುಮ ಹಚ್ಚಿ, ಹೂ ಮುಡಿಸಿ, ಸಿಹಿ ತೋರಿಸುವ ಪದ್ಧತಿಯನ್ನು ಮೂವರು ಸುಂಕದವರಿಗೆ ವಿವರಿಸುವಷ್ಟು ಕಷ್ಟ ಯಾವುದೂ ಆಗಿರಲಿಲ್ಲ. ಕೊನೆಗೆ ಹಿರಿಯನಾದವನು ಬೆರಳಿಂದ ಕಲೆಯನ್ನು ಒರೆಸಿ, ಮೂಸಿ, “ಇದು ಯಾರ ಮೇಲಾದರೂ ಹಾರಿದ್ದುಂಟೆ?” ಎಂದು ಕೇಳಿದ. ಇಲ್ಲ ಎಂದೆ. ಕಾಗದಗಳಿಗೆ ಮುದ್ರೆ ಒತ್ತಿದ. ಪೆಟ್ಟಿಗೆ ಮುಚ್ಚುವ ಮುಂಚೆ ಅವನು ತನ್ನ ಬೆರಳನ್ನು ಪಂಚೆಯ ಅಂಚಿಗೆ ಒರೆಸಿದ್ದು ಮಾವನಿಗೆ ಕಾಣಲಿಲ್ಲ. ಕಂಡಿದ್ದರೆ ನಾವು ಇಂದಿಗೂ ಜಿನೋವಾದಲ್ಲೇ ಇರುತ್ತಿದ್ದೆವು.

ರೈಲಿನಲ್ಲಿ ಮಾವ ಎದುರು ಕುಳಿತವರಿಗೆ ಕೋಡುಬಳೆ ಹಿಡಿದರು. ಅಲ್ಲಿಯವರು ಬುತ್ತಿ ಬಿಚ್ಚಿ ತಾವೇ ತಿನ್ನುತ್ತಾರೆ, ಪಕ್ಕದವರನ್ನು ಒಂದು ಮಾತೂ ಕೇಳುವುದಿಲ್ಲ. ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ. ಒಬ್ಬಾತ ಮಾತ್ರ ಒಂದು ಕೋಡುಬಳೆ ತೆಗೆದುಕೊಂಡು, ಕಚ್ಚಿ, ಬಹಳ ಹೊತ್ತು ಕಿಟಕಿಯಾಚೆಯ ಬೆಟ್ಟಗಳನ್ನು ನೋಡುತ್ತ ಕುಳಿತ.

ಕಾರ್ಖಾನೆಯ ಊರು

ಮೊದಲು ಜರ್ಮನಿ. ನಮ್ಮ ರೈಫಲು ಹುಟ್ಟಿದ ಕಾರ್ಖಾನೆಗೇ ಹೋಗಿ, ನಿಮ್ಮ ಮಾಲು ಹೀಗಿದೆ ಎಂದು ಮುಖಕ್ಕೆ ಹೇಳಿ, ಆಮೇಲೆ ಮೇಸ್ತ್ರಿಯ ಬಳಿ ಹೋಗುವುದು ಮಾವನ ಯೋಜನೆ.

ಬಿಳಿ ಕೋಟಿನ ಒಬ್ಬ ಇಂಜಿನಿಯರ್ ನಮ್ಮನ್ನು ಒಳಗೆ ಕರೆದೊಯ್ದ. ಕೊರೆದ ನಳಿಗೆಯೊಳಗೆ ಗಟ್ಟಿ ಉಕ್ಕಿನ ಒಂದು ಬಿರಡೆಯನ್ನು ಎಳೆದರೆ ಅದು ಗೋಡೆಯ ಮೇಲೆ ಸುರುಳಿಯಾದ ತೋಡುಗಳನ್ನು ಒತ್ತಿಬಿಡುತ್ತದೆ. ಆ ಸುರುಳಿಯಿಂದಲೇ ಗುಂಡು ಗಿರಗಿರನೆ ತಿರುಗಿ ನೆಟ್ಟಗೆ ಹೋಗುವುದು. ಒಂದು ನಳಿಗೆಗೆ ಒಂದು ನಿಮಿಷವೂ ಹಿಡಿಯಲಿಲ್ಲ.

“ಒರಳಲ್ಲಿ ಚಕ್ಕುಲಿ ಒತ್ತಿದ ಹಾಗೆ ಒತ್ತುತಾರಲ್ಲೇ,” ಎಂದರು ಮಾವ.

ಏನೆಂದರು ಎಂದು ಇಂಜಿನಿಯರ್ ಕೇಳಿದ. ತುಂಬ ವೇಗ ಎಂದು ಮೆಚ್ಚಿಕೊಂಡರು ಎಂದೆ. ಆ ಪ್ರಯಾಣದಲ್ಲಿ ಎರಡು ದೇಶಗಳ ನಡುವಿನ ಸ್ನೇಹ ಉಳಿದದ್ದು ನನ್ನ ಇಂಥ ಅನುವಾದಗಳಿಂದ.

ನನಗೆ ನೆನಪಿರುವುದು ಮುಂದಿನ ಕೋಣೆ. ಉತ್ತರಕ್ಕೆ ಮುಖ ಮಾಡಿದ ದೊಡ್ಡ ಕಿಟಕಿಗಳು. ಪ್ರತಿ ಕಿಟಕಿಯ ಮುಂದೆ ಒಬ್ಬ ಹೆಂಗಸು, ಕೈಯಲ್ಲಿ ನಳಿಗೆ, ಒಂದು ಕಣ್ಣು ಮುಚ್ಚಿ. ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವಾಗ ಮುಖ ಹೇಗಿರುತ್ತಿತ್ತೋ ಹಾಗೆ, ಬೇಸರವೂ ಇಲ್ಲ, ಆತುರವೂ ಇಲ್ಲ. ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ. ಎಡಕ್ಕೆ ಹೋದದ್ದು ಮತ್ತೆ ಕರಗಲು ಹೋಗುತ್ತದಂತೆ.

“ಹೆಂಗಸರು ನೋಡಿ ಪಾಸು ಮಾಡ್ತಾರಾ?” ಎಂದರು ಮಾವ. “ಸರಿಹೋಯ್ತು. ಈಗ ಗೊತ್ತಾಯ್ತು.”

ಅವರಲ್ಲಿ ಒಬ್ಬಾಕೆ, ಬಿಳಿಗೂದಲಿನವಳು, ತನ್ನ ಕೈಯ ನಳಿಗೆಯನ್ನು ನನಗೆ ಕೊಟ್ಟಳು. ಕಣ್ಣಿಗಿಟ್ಟು ನೋಡಿದೆ. ಬೆಳಕಿನ ಉಂಗುರಗಳು, ಒಂದರೊಳಗೊಂದು, ಒಂದರೊಳಗೊಂದು, ದೂರದ ಒಂದು ಬಿಳಿ ಚುಕ್ಕಿಯವರೆಗೆ. ಒಂದು ಕಡೆ ಮಾತ್ರ ಉಂಗುರ ಚೂರೇ ಚೂರು ಸೊಟ್ಟ. ಅಲ್ಲಿ ಎಂದೆ. ಆಕೆ ಹೌದೆಂದು ತಲೆಯಾಡಿಸಿ, ನಳಿಗೆಯನ್ನು ಎಡಕ್ಕಿಟ್ಟು, ಮುಂದಿನದನ್ನು ಎತ್ತಿಕೊಂಡಳು. ಮಾವ ಆಗ ಹತ್ತಿರದ ಬಲಗಡೆಯ ರಾಶಿಯನ್ನು ಬರಿಗೈಯಲ್ಲಿ ಸವರಿ ನೋಡುತ್ತಿದ್ದರು.

ದೂರು ಹೇಳುವ ಹೊತ್ತು ಬಂದಾಗ ಇಂಜಿನಿಯರ್ ಶಾಂತವಾಗಿ ಕೇಳಿಸಿಕೊಂಡು, ರೈಫಲನ್ನು ಕೊಡಿ, ಪರೀಕ್ಷಿಸುತ್ತೇವೆ ಎಂದ. ಮಾವ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡರು.

“ಬೇಡ. ಅವರ ಮಾಲು ಅವರೇ ನೋಡಿದ್ರೆ ತಮ್ಮದೇ ಸರಿ ಅಂತಾರೆ. ಮೇಸ್ತ್ರಿ ನೋಡ್ಲಿ.”

ಮಾವನಿಗೆ ರೈಲಿಗೆ ಹೊತ್ತಾಯಿತಂತೆ ಎಂದು ಹೇಳಿದೆ.

ಮೇಸ್ತ್ರಿಯ ಮನೆ, ಮೊದಲ ದಿನ

ಆಸ್ಟ್ರಿಯಾದ ಆ ಹಳ್ಳಿಯಲ್ಲಿ ಯಾವ ಅಂಗಡಿಗೆ ಹೋದರೂ ಮೊದಲು ಎಲ್ಲರಿಗೂ ನಮಸ್ಕಾರ ಹೇಳಿ ಸುಮ್ಮನೆ ನಿಲ್ಲಬೇಕು. ಕೌಂಟರಿನ ಮೇಲೆ ಮೊಳಕೈ ಊರಿ ಕೂಗುವ ನಮ್ಮ ಪದ್ಧತಿ ಅಲ್ಲಿ ಇಲ್ಲ. ಮೇಸ್ತ್ರಿಯ ಕೆಲಸದ ಕೋಣೆಯಲ್ಲಿ ಇನ್ನೊಂದು ನಿಯಮವಿತ್ತು: ಉಕ್ಕನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರಿಗೆ ತುಕ್ಕು ಹಿಡಿಯುತ್ತದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಾವ ಒಂದೊಂದನ್ನೂ ಎತ್ತಿ, ತಟ್ಟಿ, ತೂಗಿ ನೋಡುತ್ತ ಹೋದರು. ಅವರ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಮೇಸ್ತ್ರಿ, ಎಪ್ಪತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಎಣ್ಣೆಬಟ್ಟೆಯಿಂದ ಪ್ರತಿಯೊಂದನ್ನೂ ಒರೆಸುತ್ತ ಬಂದರು.

“ಕೈಯಲ್ಲಿ ಕೊರೆಯೋದನ್ನ ತೋರ್ಸಕ್ಕೆ ಹೇಳು,” ಎಂದರು ಮಾವ. ಈ ಒಂದು ನೋಟಕ್ಕಾಗಿ ಅವರು ಸಮುದ್ರ ದಾಟಿದ್ದರು.

ಮೇಸ್ತ್ರಿ ಗೋಡೆಯ ಪಕ್ಕದ ಕಪಾಟು ತೆರೆದರು. ಒಳಗೆ ಹತ್ತು ನಳಿಗೆಗಳು. ಬುಡದಲ್ಲಿ ಮುದ್ರೆ. ಆ ಮುದ್ರೆಯನ್ನು ನಾನು ಗುರುತಿಸಿದೆ, ಮಾವನೂ ಗುರುತಿಸಿದರು. ಮೂರು ದಿನದ ಹಿಂದೆ ನಾವು ಮುಖಕ್ಕೆ ಹೇಳಿ ಬಂದ ಕಾರ್ಖಾನೆಯದೇ.

“ದೊಡ್ಡ ತೂತಿನವನ್ನು ನಾನೇ ಕೊರೆಯುತ್ತೇನೆ,” ಎಂದರು ಮೇಸ್ತ್ರಿ. “ಇಷ್ಟು ಸಣ್ಣ ತೂತನ್ನು ಅವರಿಗಿಂತ ಚೆನ್ನಾಗಿ ಕೊರೆಯಲು ನನಗೆ ಬರುವುದಿಲ್ಲ. ಅವರಿಂದ ಹತ್ತು ತರಿಸುತ್ತೇನೆ, ಒಂದನ್ನು ಇಟ್ಟುಕೊಳ್ಳುತ್ತೇನೆ, ಒಂಬತ್ತನ್ನು ಹಿಂದಕ್ಕೆ ಕಳಿಸುತ್ತೇನೆ. ಇಟ್ಟುಕೊಂಡದ್ದನ್ನು ಒಳಗೆ ಸೀಸದಿಂದ ಉಜ್ಜಿ ನಯ ಮಾಡುತ್ತೇನೆ, ತೋಟಾ ಕೂರುವ ಗೂಡನ್ನೂ ಬಾಯಿಯನ್ನೂ ನಾನೇ ಮಾಡುತ್ತೇನೆ. ನನ್ನ ಕಸುಬು ಅಷ್ಟೇ. ಅಲ್ಲಿ ಕಿಟಕಿಯ ಬಳಿ ಒಬ್ಬ ಬಿಳಿಗೂದಲಿನ ಹೆಂಗಸಿದ್ದಾಳೆ. ಅವಳು ಪಾಸು ಮಾಡಿದ್ದೆಂದರೆ ನನಗೆ ಅರ್ಧ ಕೆಲಸ ಉಳಿಯಿತು.”

ಇದಿಷ್ಟನ್ನೂ ಒಂದು ಮಾತು ಬಿಡದೆ ಕನ್ನಡಕ್ಕೆ ತಂದೆ. ಮಾವ ಬಹಳ ಹೊತ್ತು ಮೇಸ್ತ್ರಿಯ ಲೇತಿನ ಕಡೆ ನೋಡಿದರು.

“ವಿನಯ ನೋಡೇ ಆ ಮನುಷ್ಯಂದು,” ಎಂದರು. “ಗುಟ್ಟು ಬಿಟ್ಟುಕೊಡ್ತಾ ಇಲ್ಲ.”

ಹತ್ತರಲ್ಲಿ ಒಂದನ್ನು ಆರಿಸುವುದು ಹೇಗೆ ಎಂದು ನಾನು ನನ್ನ ಪರವಾಗಿಯೇ ಕೇಳಿದೆ. ಇಡೀ ಪ್ರಯಾಣದಲ್ಲಿ ನಾನು ಜರ್ಮನಿನಲ್ಲಿ ಸ್ವಂತವಾಗಿ ಕೇಳಿದ ಮೊದಲ ಪ್ರಶ್ನೆ. ಮೇಸ್ತ್ರಿ ಒಂದು ಸೀಸದ ತುಣುಕನ್ನು ನಳಿಗೆಯ ಹಿಂಬದಿಯಿಂದ ಒಳಗೆ ಕೂರಿಸಿ, ಮರದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ನಿಧಾನವಾಗಿ ತಳ್ಳಲು ಹೇಳಿದರು. ಒಂದೇ ಸಮನೆ ಬಿಗಿಯಾಗಿ ಹೋದರೆ ಒಳ್ಳೆಯ ನಳಿಗೆ. ನಡುವೆ ಎಲ್ಲಾದರೂ ಸಡಿಲವಾಯಿತು, ಎಲ್ಲಾದರೂ ತಡೆಯಿತು ಎಂದರೆ ಅಷ್ಟಕ್ಕಷ್ಟೆ. ಕಣ್ಣಿನ ಕೆಲಸವಲ್ಲ, ಅಳತೆಪಟ್ಟಿಯ ಕೆಲಸವೂ ಅಲ್ಲ. ಬೆರಳುಗಳಿಗೆ ಮಾತ್ರ ತಿಳಿಯುವ ವಿಷಯ.

ಮೂರು ನಳಿಗೆಗಳಲ್ಲಿ ತಳ್ಳಿ ನೋಡಿ, ಮೊದಲನೆಯದು ಇದು, ಎರಡನೆಯದು ಇದು, ಮೂರನೆಯದು ಇದು ಎಂದು ಇಟ್ಟೆ. ಮೇಸ್ತ್ರಿ ನಳಿಗೆಗಳನ್ನು ತಿರುಗಿಸಿ, ತಾವು ಮೊದಲೇ ಸೀಮೆಸುಣ್ಣದಲ್ಲಿ ಕೆಳಗೆ ಬರೆದಿದ್ದ ಅಂಕಿಗಳನ್ನು ತೋರಿಸಿದರು. ಅದೇ ಕ್ರಮ. ಅವರು ಹೊಗಳಲಿಲ್ಲ. ಆ ಊರಿನವರು ಹೊಗಳುವುದಿಲ್ಲ. ಎಣ್ಣೆಬಟ್ಟೆಯನ್ನು ನನ್ನ ಕೈಗೆ ಕೊಟ್ಟರು, ಅಷ್ಟೆ.

ಎರಡನೆಯ ದಿನ

ಮೇಸ್ತ್ರಿಯ ಮನೆಯ ಹಿಂದೆ ಸೇಬಿನ ಮರಗಳಾಚೆ ಐವತ್ತು ಮೀಟರಿನ ಒಂದು ಗುರಿಸಾಲೆ. ಬೆಳಗ್ಗೆ ಅವರು ನಮ್ಮ ರೈಫಲನ್ನು ಮಡಿಪಂಚೆಯಿಂದ ತೆಗೆದು, ಕುಂಕುಮವನ್ನು ಮುಟ್ಟದೆ, ಮರಳುಚೀಲದ ಮೇಲಿಟ್ಟು ಹತ್ತು ಗುಂಡು ಹೊಡೆದರು. ಕಾಗದ ತಂದು ಕಿಟಕಿಗೆ ಹಿಡಿದರು. ಎಂಟು ಒಂದೆಡೆ. ಎರಡು ತಮಗೆ ತೋಚಿದ ಕಡೆ.

ನಾನು ಮೇಲಿನ ಕೋಣೆಗೆ ಹೋಗಿ ನಿಘಂಟು ತಂದು ನನ್ನ ಆರು ಕಾಗದಗಳನ್ನು ಅದರ ಪಕ್ಕ ಹಿಡಿದೆ. ಅಣ್ಣತಮ್ಮಂದಿರ ಮುಖಗಳಂತಿದ್ದವು.

“ಮೇಸ್ತ್ರಿಗೂ ಕೈ ನಡುಗುತ್ತೇನೋ ಮಾವ,” ಎಂದೆ.

“ವಯಸ್ಸಾಗಿದೆ ಪಾಪ,” ಎಂದರು ಮಾವ.

ಮೇಸ್ತ್ರಿ ಒಳಗೆ ಹೋಗಿ, ಸೀಸದ ತುಣುಕನ್ನು ನಮ್ಮ ನಳಿಗೆಗೆ ಹಿಂದಿನಿಂದ ಕೂರಿಸಿ ತಳ್ಳಿದರು. ಆಮೇಲೆ ಕಡ್ಡಿಯನ್ನು ನನಗೆ ಕೊಟ್ಟರು. ತಳ್ಳಿದೆ. ಬಿಗಿ, ಒಂದೇ ಸಮನೆ ಬಿಗಿ, ನಿನ್ನೆ ತಳ್ಳಿದ ಮೂರರಲ್ಲೂ ಅಷ್ಟು ಚೆನ್ನಾದದ್ದು ಇರಲಿಲ್ಲ. ಬಾಯಿಗೆ ಇನ್ನೊಂದು ಬೆರಳಗಲ ಇದೆ ಎನ್ನುವಾಗ ಕೈಯಲ್ಲಿ ಏನೂ ಇಲ್ಲದಂತಾಯಿತು. ಸೀಸ ತಾನಾಗಿ ಜಾರಿ ಬೆಂಚಿನ ಮೇಲೆ ಬಿತ್ತು.

ಮೇಸ್ತ್ರಿ ಭೂತಗನ್ನಡಿ ತೆಗೆದು ನಳಿಗೆಯ ಬಾಯಿಯನ್ನು ನೋಡಿದರು. ಆಮೇಲೆ ಮಾವನ ಕಡೆ ತಿರುಗಿ ಹೇಳಿದರು:

“ನಳಿಗೆ ಅದ್ಭುತವಾಗಿದೆ. ಬಾಯಿ ಸತ್ತಿದೆ. ಉಕ್ಕಿನ ಸಲಾಕಿಯನ್ನು ಮುಂದಿನಿಂದ ಹಾಕಿ ವರ್ಷಗಟ್ಟಲೆ ತಿಕ್ಕಿದ್ದಾರೆ, ಅದು ಒಂದು ಪಕ್ಕಕ್ಕೆ ಸವೆದು ಮೊಟ್ಟೆಯಾಕಾರವಾಗಿದೆ. ಗುಂಡು ಬಿಟ್ಟುಹೋಗುವ ಕೊನೆಯ ಕ್ಷಣದಲ್ಲಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಹಳೆಯ ಕಾಲದ ತೋಟಾ ಉಪ್ಪು ಬಿಡುತ್ತಿತ್ತು, ತೊಳೆಯದಿದ್ದರೆ ತುಕ್ಕು. ಈಗಿನದಕ್ಕೆ ಅದು ಬೇಡ. ಗುಂಡು ಹೊಡೆದು ಸವೆದ ನಳಿಗೆಯನ್ನು ನಾನು ಈವರೆಗೆ ಕಂಡಿಲ್ಲ. ತೊಳೆದು ಸಾಯಿಸಿದ್ದನ್ನೇ ಕಂಡಿದ್ದೇನೆ. ಯಾರು ತೊಳೆಯುತ್ತಾರೆ?”

ಮಾವ ನನ್ನ ಮುಖ ನೋಡಿದರು. “ಏನಂತೆ?”

ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಮಾವ ತಮ್ಮ ಬಲಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

“ಕ್ಲಬ್ಬಲ್ಲಿ ಹತ್ತು ಜನ ಇದೀವಿ. ಯಾರೋ ಏನೋ. ಹಾಗಂತ ಹೇಳು.”

ಬೊಂಬಾಯಿಯಿಂದ ಅಲ್ಲಿಯವರೆಗೆ ಮಾವನ ಮರ್ಯಾದೆ ಕಾಯಲು ನಾನು ಎಷ್ಟು ಸಲ ತಪ್ಪಾಗಿ ಅನುವಾದಿಸಿದ್ದೆನೋ ಲೆಕ್ಕವಿಲ್ಲ. ಮೇಸ್ತ್ರಿಯ ಕಡೆ ತಿರುಗಿ, ನನ್ನ ಅತ್ಯಂತ ಶುದ್ಧವಾದ ಜರ್ಮನಿನಲ್ಲಿ, “‘ನಾನೇ’ ಎನ್ನುತ್ತಿದ್ದಾರೆ,” ಎಂದೆ.

ಮೇಸ್ತ್ರಿಯ ಮುಖ ಬದಲಾಯಿತು. ಮುಂದೆ ಬಂದು ಮಾವನ ಎರಡೂ ಭುಜ ಹಿಡಿದು ಅಲುಗಿಸಿದರು. ಐವತ್ತು ವರ್ಷದ ಕಸುಬಿನಲ್ಲಿ ತಾನೇ ಎಂದು ಒಪ್ಪಿಕೊಂಡ ಮೊದಲ ಮನುಷ್ಯ ಈತ ಎಂದರು. ಎಲ್ಲರೂ ನನ್ನ ತಮ್ಮ, ಪಕ್ಕದ ಮನೆಯವನು ಎನ್ನುತ್ತಾರಂತೆ. ಹೆಂಡತಿಯನ್ನು ಕೂಗಿ ಕರೆದು ಹೇಳಿದರು. ಆಕೆಯೂ ಬಂದು ಮಾವನ ಕೈ ಕುಲುಕಿದರು. ಮೇಸ್ತ್ರಿ ಕಪಾಟಿನಿಂದ ಬಾಟಲಿ ತೆಗೆದು ಪುಟ್ಟ ಲೋಟಗಳಲ್ಲಿ ಏನನ್ನೋ ಬಗ್ಗಿಸಿ ಕೊಟ್ಟರು.

“ಇಷ್ಟೊಂದು ಯಾಕೆ ಖುಷಿ ಇವರಿಗೆ?” ಎಂದರು ಮಾವ ನನ್ನ ಕಿವಿಯಲ್ಲಿ.

“ನಿಮ್ಮ ಉತ್ತರ ಹಿಡಿಸಿದೆ.”

ಲೋಟದಲ್ಲಿದ್ದದ್ದನ್ನು ಮಾವ ಕೆಮ್ಮಿನ ಔಷಧಿಯೆಂದು ತಿಳಿದು ಒಂದೇ ಗುಟುಕಿಗೆ ಕುಡಿದರು. ನಾನು ತಿದ್ದಲಿಲ್ಲ.

ಮಧ್ಯಾಹ್ನ ಮೇಸ್ತ್ರಿ ನಮ್ಮ ನಳಿಗೆಯನ್ನು ಲೇತಿಗೆ ಕಟ್ಟಿ, ಸತ್ತ ಬೆರಳಗಲವನ್ನು ಕತ್ತರಿಸಿ, ಹೊಸ ಬಾಯಿ ಕೆತ್ತಿದರು. ಕತ್ತರಿಸಿದ ತುಂಡನ್ನು ನಾನು ಕೇಳಿದೆ. ಅದರ ಚೂಪು ಅಂಚುಗಳನ್ನು ಅರದಿಂದ ಉಜ್ಜಿ, ಎಣ್ಣೆ ಒರೆಸಿ ಕೊಟ್ಟರು. ಮಾವ ತಾವು ಬಂದ ಕೆಲಸ ನೆನಪಿಸಿದರು: ಕೈಯಲ್ಲಿ ಮಾಡಿದ ಹೊಸ ನಳಿಗೆ.

ಮೇಸ್ತ್ರಿ ತಲೆಯಾಡಿಸಿದರು. “ಕೊಡುವುದಿಲ್ಲ. ಇರುವುದೇ ಚೆನ್ನಾಗಿದೆ. ನನ್ನದನ್ನು ಕೊಟ್ಟರೂ ಎರಡು ವರ್ಷದಲ್ಲಿ ಇದೇ ಗತಿ. ಮೊದಲು ತೊಳೆಯದೆ ಇರುವುದನ್ನು ಕಲಿಯಲಿ.”

ಇದನ್ನು ಮಾತ್ರ, ಅವರಿಗೆ ವಯಸ್ಸಾಗಿದೆ, ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲವಂತೆ ಎಂದು ಹೇಳಿದೆ. ಒಂದೇ ದಿನಕ್ಕೆ ಅಷ್ಟೊಂದು ನಿಜ ಯಾರಿಗೂ ಒಳ್ಳೆಯದಲ್ಲ.

ಭಾನುವಾರ

ಆ ಹಳ್ಳಿಯಲ್ಲಿ ಭಾನುವಾರ ಚರ್ಚಿನಿಂದ ನೇರವಾಗಿ ಎಲ್ಲರೂ ಗುರಿಸಾಲೆಗೆ ಬರುತ್ತಾರೆ. ಪಾದ್ರಿ ಬಂದ. ಅಂಚೆಕಚೇರಿಯ ಹೆಂಗಸು ಬಂದಳು. ಊರಿಗೆಲ್ಲ ಅವಳದೇ ಒಳ್ಳೆಯ ಗುರಿಯಂತೆ, ಯಾರೂ ಅದಕ್ಕೆ ಕಾರಣ ಹುಡುಕಿದಂತೆ ಕಾಣಲಿಲ್ಲ. ಮೇಸ್ತ್ರಿ ಊರಿಗೆಲ್ಲ ಸುದ್ದಿ ಹೇಳಿದ್ದರು. ಒಬ್ಬೊಬ್ಬರಾಗಿ ಬಂದು ಮಾವನ ಕೈ ಹಿಡಿದು ಕುಲುಕಿದರು. ಪಾದ್ರಿ ಎರಡು ಸಲ ಕುಲುಕಿದ.

“ನಳಿಗೆ ವಿಷಯದಲ್ಲಿ ನನ್ನ ಜ್ಞಾನ ಇವರಿಗೆ ಗೊತ್ತಾಗಿದೆ ಕಣೇ,” ಎಂದರು ಮಾವ. ಮನೆ ಬಿಟ್ಟ ಮೇಲೆ ಮೊದಲ ಬಾರಿಗೆ ಅವರ ಕೋಟು ಭುಜದಲ್ಲಿ ಸರಿಯಾಗಿ ಕೂತಂತೆ ಕಂಡಿತು.

ಮೇಸ್ತ್ರಿ ನಮ್ಮ ರೈಫಲನ್ನು ನನ್ನ ಕೈಗೆ ಕೊಟ್ಟರು. ಸೀರೆಯ ಮೇಲೆ ಅವರ ಹೆಂಡತಿಯ ಕ್ಯಾನ್ವಾಸ್ ಕೋಟು ಹಾಕಿಕೊಂಡು ಚಾಪೆಯ ಮೇಲೆ ಮಲಗಿದೆ. ಆ ಹತ್ತು ಗುಂಡುಗಳ ಹೊತ್ತು ನನಗಾದದ್ದನ್ನು ಬರೆಯುವುದಿಲ್ಲ. ಮೊದಲನೆಯದಕ್ಕೆ ಮುಂಚೆ ಅಭ್ಯಾಸಬಲದಿಂದ ಕೈ ನೋಡಿಕೊಂಡೆ, ಎರಡನೆಯದಾದ ಮೇಲೆ ನೋಡಿಕೊಳ್ಳಲಿಲ್ಲ ಎಂದಷ್ಟೇ ಹೇಳಬಲ್ಲೆ.

ಕಾಗದ ಬಂತು. ಮಾವ ಜೇಬಿನಿಂದ ನಮ್ಮ ಊರಿನ ಕಾಲು ರೂಪಾಯಿಯ ಬಿಲ್ಲೆ ತೆಗೆದು ತೂತುಗಳ ಮೇಲಿಟ್ಟರು. ಹತ್ತೂ ಮುಚ್ಚಿಹೋದವು. ಬಿಲ್ಲೆಯನ್ನು ಎತ್ತಿ ನೋಡಿದರು, ಮತ್ತೆ ಇಟ್ಟರು.

“ಇಲ್ಲಿ ಗಾಳಿ ಇಲ್ಲ ಕಣೇ,” ಎಂದರು.

ಮತ್ತೆ ಜಯನಗರ

ಕ್ಲಬ್ಬಿನ ಸಭೆಯಲ್ಲಿ ಮಾವ ಒಂದು ಗಂಟೆ ಮಾತಾಡಿದರು. ಆಸ್ಟ್ರಿಯಾದ ಹಳ್ಳಿಯೊಂದು ಬೆಂಗಳೂರಿನ ಇಂಜಿನಿಯರೊಬ್ಬನನ್ನು ಹೇಗೆ ಗೌರವಿಸಿತು, ಪಾದ್ರಿ ಹೇಗೆ ಎರಡು ಸಲ ಕೈ ಕುಲುಕಿದ. ರೈಫಲು ಸುತ್ತಲೂ ಕೈಯಿಂದ ಕೈಗೆ ಹೋಯಿತು. ಇದು ಕೈಯಲ್ಲೇ ಮಾಡಿದ್ದು ಎಂದು ಎಲ್ಲರೂ ಮುಟ್ಟಿದ ಕೂಡಲೇ ಹೇಳಿದರು. ಒಬ್ಬರಿಗೆ ತೂಕವೇ ಬೇರೆಯಾಗಿ ಕಂಡಿತು. ಅದು ನಿಜವೇ, ಬೆರಳಗಲ ಉಕ್ಕಿನಷ್ಟು ಕಡಿಮೆಯಿತ್ತು. ಅದು ಅದೇ ಹಳೆಯ ಕಾರ್ಖಾನೆ ನಳಿಗೆ ಎಂದು ಮಾವ ಹೇಳಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಪಂದ್ಯದ ತಂಡದ ಪಟ್ಟಿಯಲ್ಲಿ ಹಳೆಯ ನಾಲ್ಕು ಹೆಸರುಗಳೇ ಇದ್ದವು.

ಮುಂದಿನ ಶುಕ್ರವಾರ ಬೆಳಗ್ಗೆ ಮಾವನ ಮನೆಗೆ ಹೋದೆ. ಹಣೆಗೆ ಗಂಧ, ಹೆಗಲ ಮೇಲೆ ಟವೆಲು. ಮೇಜಿನ ಮೇಲೆ ರೈಫಲ್, ಪಕ್ಕದಲ್ಲಿ ಮೂರು ತುಂಡಿನ ಉಕ್ಕಿನ ಸಲಾಕಿ. ಎರಡು ತುಂಡು ಜೋಡಿಸಿಯಾಗಿತ್ತು. ಮೇಸ್ತ್ರಿಯ ಮಾತನ್ನು ಅವರು ಕೇಳಿಸಿಕೊಂಡಿರಲಿಲ್ಲವೆಂದಲ್ಲ. ಶುಕ್ರವಾರ ಬಂದಿತ್ತು, ಅಷ್ಟೆ.

ಕೈಚೀಲದಿಂದ ಆ ಉಕ್ಕಿನ ತುಂಡನ್ನು ತೆಗೆದು ಸಲಾಕಿಯ ಪಕ್ಕದಲ್ಲಿಟ್ಟೆ.

“ಏನೇ ಅದು?”

“ನಮ್ಮ ನಳಿಗೆ ಬಾಯಿ. ಬೆಳಕಿಗೆ ಹಿಡಿದು ನೋಡಿ.”

ಕಿಟಕಿಗೆ ಹಿಡಿದು ನೋಡಿದರು. ತೂತು ಮೊಟ್ಟೆಯಾಕಾರವಾಗಿರುವುದು ಭೂತಗನ್ನಡಿಯಿಲ್ಲದೆಯೂ ಅವರಿಗೆ ಕಂಡಿತು. ಎಷ್ಟಾದರೂ ಮೂವತ್ತು ವರ್ಷ ಅಳತೆಯ ಕೆಲಸ ಮಾಡಿದ ಕಣ್ಣು.

“ಮಾವ, ‘ಹತ್ತು ಜನ ಇದೀವಿ’ ಅಂತ ನಾನು ಮೇಸ್ತ್ರಿಗೆ ಹೇಳ್ಲಿಲ್ಲ. ‘ನಾನೇ’ ಅಂತಿದಾರೆ ಅಂತ ಹೇಳ್ದೆ.”

ಅವರು ತುಂಡನ್ನು ಕಿಟಕಿಯಿಂದ ಇಳಿಸಲಿಲ್ಲ. ಹೊರಗೆ ಖಾಲಿ ಸೈಟಿನಲ್ಲಿ ಯಾರದೋ ಮನೆಗೆ ತಳಪಾಯ ಅಗೆಯುತ್ತಿದ್ದರು.

“ಅದಕ್ಕೇನಾ ಎಲ್ರೂ ಕೈ ಕುಲುಕಿದ್ದು?”

“ಹೂಂ.”

“ಪಾದ್ರೀನೂ?”

“ಹೂಂ.”

ಬೈಯುತ್ತಾರೆಂದು ಕಾದೆ. ಮಾವ ಜೋಡಿಸಿದ್ದ ಸಲಾಕಿಯನ್ನು ಬಿಚ್ಚಿದರು. ಒಂದೊಂದೇ ತುಂಡನ್ನು ಟವೆಲಿನಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಕೊಕ್ಕೆ ಹಾಕಿದರು. ಒಳಗೆ ಹೋಗಿ ಕ್ಲಬ್ಬಿನ ರಿಜಿಸ್ಟರನ್ನೂ ಪೆನ್ನನ್ನೂ ತಂದು ನನ್ನ ಮುಂದಿಟ್ಟರು.

“ಬರಿ. ‘ಕೈ ನಡುಕ’ ಹೊಡೆದುಹಾಕು.”

“ಸ್ತ್ರೀಸಹಜ?”

“ಅದನ್ನೂ. ‘ನಳಿಗೆಯ ದೋಷ’ ಅಂತ ಬರಿ. ಈ ಸಲ ನಾನು ಹೇಳಿದ್ದನ್ನೇ ಬರಿ, ತಿಳೀತಾ?”

ಹೇಳಿದ್ದನ್ನೇ ಬರೆದೆ. ಬರೆದು ಪೆನ್ನಿನ ಕ್ಯಾಪು ಹಾಕದೆ ಕುಳಿತೆ. ಮಾವ ಗಂಧ ಒಣಗಿದ ಹಣೆಯನ್ನು ಟವೆಲಿನಿಂದ ಒರೆಸಿಕೊಂಡರು. ಅಗೆಯುವವರ ಕಡೆ ನೋಡಿದರು.

“ಉಜ್ಜಿದವನು ಶೇಷಗಿರಿ ಅಂತಾನೂ ಹಾಕು,” ಎಂದರು. “ಕೆಳಗೆ ತಂಡದಲ್ಲಿ ನಿನ್ನ ಹೆಸರು ಸೇರಿಸು, ನನ್ನದನ್ನ ತೆಗಿ.” ನಾನು ಪೆನ್ನು ಊರುವಾಗ, “ಶೇಷಗಿರಿ ಅನ್ನೋದು ಸ್ವಲ್ಪ ಚಿಕ್ಕ ಅಕ್ಷರದಲ್ಲಿರ್ಲಿ.”

ಚಿಕ್ಕದಾಗಿಯೇ ಬರೆದೆ. ಒಂದು ಅಕ್ಷರವೂ ಅಲುಗಿಲ್ಲ. ರಿಜಿಸ್ಟರು ಕ್ಲಬ್ಬಿನ ಬೀರುವಿನಲ್ಲಿದೆ. ಬೇಕಾದವರು ಹೋಗಿ ನೋಡಬಹುದು.